ದೇಹದ ಕಾರ್ಡು ಮತ್ತು ಮೂರನೇ ಜ್ವರ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಟ್ಯಾರೋ ಕಾರ್ಡು ನೋಡಿ ಹೇಳುತ್ತೇನೆ. ಕೆಳಗಿನ ಅಂಗಡಿಯವರು ಇದಕ್ಕೆ ಇಂಗ್ಲಿಷ್ ಗಿಣಿಶಾಸ್ತ್ರ ಎಂದು ಹೆಸರಿಟ್ಟಿದ್ದಾರೆ. ವಿಳಾಸ ಕೇಳಿಕೊಂಡು ಬಂದವರಿಗೆ, ‘ಮೆಟ್ಟಿಲು ಹತ್ತಿ ಹೋಗಿ, ಗಿಣಿ ಕನ್ನಡಕ ಹಾಕ್ಕೊಂಡು ಕೂತಿದೆ’ ಅನ್ನುತ್ತಾರೆ. ಕೇಳಿಸಿದರೂ ಕೇಳಿಸದ ಹಾಗೆ ಇರುತ್ತೇನೆ. ಮಗಳ ಸಂಬಂಧ ಕೂಡಿಬರುತ್ತದೋ ಇಲ್ಲವೋ ಎಂದು ಕೇಳಲು ಅವರೂ ಒಂದು ದಿನ ಅದೇ ಮೆಟ್ಟಿಲು ಹತ್ತಿ ಬಂದಿದ್ದರು. ಆ ಗುಟ್ಟು ನನ್ನ ಹತ್ತಿರ ಭದ್ರವಾಗಿದೆ.

ಕೆಲಸದ ಕ್ರಮ ಸರಳ. ಮೇಜಿನ ಮೇಲೆ ಹಳೆಯ ರೇಷ್ಮೆ ವಸ್ತ್ರ ಹಾಸುತ್ತೇನೆ. ಬಂದವರು ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಕಾರ್ಡುಗಳನ್ನು ಕಲಸುತ್ತಾರೆ, ಎಡಗೈಯಲ್ಲಿ ಮೂರು ಎತ್ತುತ್ತಾರೆ. ಆ ಮೂರು ಚಿತ್ರಗಳ ಅರ್ಥ ಬಿಡಿಸಿ ಹೇಳುವುದು ನನ್ನ ಪಾಲು. ಪ್ರಶ್ನೆ ಏನೆಂದು ನನಗೆ ಹೇಳಲೇಬೇಕೆಂದಿಲ್ಲ. ಆದರೆ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದ್ದೇನೆ: ಕಾಯಿಲೆ, ಕೋರ್ಟು, ಸಾವು, ಈ ಮೂರನ್ನು ಇಲ್ಲಿ ಕೇಳಬೇಡಿ. ಒಮ್ಮೆ ಬಿದ್ದ ಕಾರ್ಡನ್ನು ಎರಡನೇ ಸಲ ಓದುವುದಿಲ್ಲ, ಯಾರ ಮನೆಗೂ ಕಾರ್ಡು ತೆಗೆದುಕೊಂಡು ಹೋಗುವುದಿಲ್ಲ. ಇವು ನನ್ನ ಗುರುಗಳು ಹಾಕಿಕೊಟ್ಟ ಕಟ್ಟಳೆಗಳು. ಅವರು ಬೆಂಗಳೂರಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದು, ನಿವೃತ್ತಿಯಾದ ಮೇಲೆ ಗೌರಿಬಿದನೂರಿನಲ್ಲಿ ನೆಲೆಸಿದವರು.

ನನ್ನ ಕಾರ್ಡುಗಳ ಕಟ್ಟು ಅವರ ಕೈಯಲ್ಲೇ ಬರೆದದ್ದು. ಎಲ್ಲಾ ಕಡೆ ಸಿಗುವ ಚಿತ್ರಗಳ ಜೊತೆಗೆ ಅವರದೇ ಒಂದು ಹೆಚ್ಚಿನ ಕಾರ್ಡು ಅದರಲ್ಲಿದೆ. ಅದರ ಹೆಸರು ‘ದೇಹ’. ಹಸಿರು ನೆಲದ ಮೇಲೆ ಮಂಡಿಯೂರಿ ಕೂತ ಒಂದು ಬೆತ್ತಲೆ ಆಕೃತಿ. ಗಂಡೋ ಹೆಣ್ಣೋ ಹೇಳಲಾಗದು. ಮೈಗೆ ಬೂದಿ ಬೆರೆಸಿದಂಥ ಬಿಳಿ ಬಣ್ಣ, ನಾಭಿಯಲ್ಲಿ ಸಣ್ಣ ದೀಪ, ಕೈಗಳೆರಡೂ ತೊಡೆಯ ಮೇಲೆ. ತಲೆ ಮಾತ್ರ ಮೇಲಕ್ಕೆ ಎತ್ತಿದೆ, ಕಣ್ಣು ಮುಚ್ಚಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ತುದಿ ತೂತಾದ ಒಂದು ಗೂಡು, ಅದರಿಂದ ಹೊರಬಿದ್ದು ರೆಕ್ಕೆ ಬಿಚ್ಚಿದ ಒಂದು ಚಿಟ್ಟೆ.

ಅರ್ಥವನ್ನೂ ಗುರುಗಳೇ ಹೇಳಿಕೊಟ್ಟಿದ್ದರು. ಹಸಿರು ಪೃಥ್ವಿ ತತ್ವ. ದೀಪ ಪ್ರಾಣ. ಮುಚ್ಚಿದ ಕಣ್ಣು ಅಂತರ್ಮುಖ. ಎತ್ತಿದ ತಲೆ ಬಿಡುಗಡೆಯ ಹಂಬಲ. ಗೂಡು ದೇಹ, ಚಿಟ್ಟೆ ಆತ್ಮ. ಇದನ್ನು ನಾನು ಅದೆಷ್ಟು ಜನರಿಗೆ ಹೇಳಿದ್ದೇನೋ. ಕೇಳಿದವರು ಕಣ್ಣು ಒರೆಸಿಕೊಂಡು, ಹಗುರಾಗಿ ಎದ್ದು ಹೋಗುತ್ತಿದ್ದರು. ನನಗೂ ಆ ಕಾರ್ಡು ಬಿದ್ದರೆ ಒಳಗೊಳಗೇ ಖುಷಿ, ಮಾತು ತಾನಾಗಿ ಹರಿಯುತ್ತಿತ್ತು.

ಶಿಡ್ಲಘಟ್ಟದ ಒಂದು ಹೈಸ್ಕೂಲಿನ ಟೀಚರ್ ನನ್ನಲ್ಲಿಗೆ ವರ್ಗಾವಣೆಯ ಸೀಸನ್ನಿನಲ್ಲಿ ತಪ್ಪದೆ ಬರುವವರು. ಆ ವರ್ಷ ಸೀಸನ್ ಇಲ್ಲದ ಹೊತ್ತಿನಲ್ಲಿ ಬಂದರು, ಜೊತೆಗೆ ಇನ್ನೊಬ್ಬರನ್ನು ಕರೆತಂದರು.

‘ಇವರು ನಮ್ಮ ಓರಗಿತ್ತಿ ಮೇಡಂ, ಮೇಲೂರಲ್ಲಿರೋದು. ಸುಮ್ನೆ ಒಂದ್ಸಲ ನೋಡಿ’ ಎಂದು ಹೇಳಿ ತಾವು ಹೊರಗಿನ ಬೆಂಚಿನ ಮೇಲೆ ಕೂತರು.

ಮೇಲೂರಿನಾಕೆಗೆ ನನಗಿಂತ ಐದಾರು ವರ್ಷ ಕಡಿಮೆ ಇರಬಹುದು. ಗಟ್ಟಿಮುಟ್ಟಾದ ಹೆಂಗಸು, ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಬೆರಳ ತುದಿ ಕಪ್ಪಗಾಗಿತ್ತು. ಗೋಡೆಯ ಮೇಲಿನ ಬರಹವನ್ನು ನಿಧಾನವಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ‘ಏನೂ ಕೇಳ್ಬೇಕು ಅಂತಿಲ್ಲ ಮೇಡಂ. ಏನ್ ಬರುತ್ತೋ ಹೇಳಿ’ ಅಂದರು.

ಮೊದಲನೆಯದು ಹೊರೆ ಹೊತ್ತ ಆಳಿನ ಚಿತ್ರ. ಎರಡನೆಯದು ಚಂದ್ರ. ಮೂರನೆಯದು ದೇಹ. ಮೊದಲ ಎರಡನ್ನು ಬೇಗ ಬೇಗ ಹೇಳಿ ಮುಗಿಸಿ ನನ್ನ ಇಷ್ಟದ ಕಾರ್ಡಿಗೆ ಬಂದೆ.

‘ನೋಡಿ, ದೇಹ ಅನ್ನೋದು ಗೂಡು. ಒಳಗಿರೋದು ಆತ್ಮ. ಟೈಮ್ ಬಂದಾಗ ಅದು ಗೂಡನ್ನ ತೂತು ಮಾಡ್ಕೊಂಡು ಹೊರಟುಬಿಡುತ್ತೆ. ಅದಕ್ಕೇ ಈ ಆಕೃತಿ ತಲೆ ಎತ್ತಿದೆ, ಹಾರೋ ಹಂಬಲ. ಗೂಡಿನ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ ಅಂತ ಇದು ಹೇಳ್ತಿದೆ.’

ಅವರು ಕಾರ್ಡಿನ ಮೇಲೆ ಬಗ್ಗಿದರು. ‘ಗೂಡು ತೂತಾಗಿದೆ’ ಅಂದರು.

‘ಹೌದು.’

‘ತೂತಾದ್ರೆ ನೂಲು ಬರಲ್ವಲ್ಲ ಮೇಡಂ.’

‘ನೂಲು ಯಾಕಮ್ಮ, ಚಿಟ್ಟೆ ಹಾರ್ತಲ್ಲ’ ಅಂದೆ. ಒಳ್ಳೆಯ ಉತ್ತರ ಕೊಟ್ಟೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಅವರು ತಲೆಯಾಡಿಸಿ, ಕೈ ಮುಗಿದು, ಸೆರಗು ಹೊದ್ದುಕೊಂಡು ಎದ್ದರು. ಕಣ್ಣು ಒರೆಸಿಕೊಳ್ಳಲಿಲ್ಲ. ಅದು ಆಗ ನನ್ನ ಗಮನಕ್ಕೆ ಬಂದಿತ್ತು, ಆದರೆ ಮುಂದಿನವರು ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಸ್ವಲ್ಪ ದಿನ ಕಳೆದು ಟೀಚರ್ ಫೋನ್ ಮಾಡಿದರು. ದನಿ ಯಾವತ್ತಿನ ಹಾಗಿರಲಿಲ್ಲ.

‘ಮೇಡಂ, ಏನ್ ಹೇಳಿ ಕಳಿಸಿದ್ರಿ ನಮ್ಮ ಅಕ್ಕಂಗೆ?’

ಆಮೇಲೆ ಎಲ್ಲವೂ ಹೊರಗೆ ಬಂತು. ಮೇಲೂರಿನಾಕೆಯ ಎಡ ಎದೆಯಲ್ಲಿ ಗಂಟು. ತವರು ಅಂಬಾಜಿದುರ್ಗದ ಕಡೆ, ಹಬ್ಬಕ್ಕೆ ಹೋದಾಗ ಕೈಗೆ ಸಿಕ್ಕಿತ್ತು. ಚಿಂತಾಮಣಿಯಲ್ಲಿ ಸ್ಕ್ಯಾನ್ ಮಾಡಿಸಿ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ಕ್ಯಾನ್ಸರ್ ಎಂದು ಖಾತ್ರಿಯಾಗಿತ್ತು. ಬೇಗ ಗೊತ್ತಾಗಿದೆ, ಎದೆ ತೆಗೆದುಬಿಟ್ಟರೆ ಉಳಿಯುವ ಭರವಸೆ ಚೆನ್ನಾಗಿದೆ, ತಡ ಮಾಡಿದರೆ ಹರಡುತ್ತದೆ ಎಂದು ಡಾಕ್ಟರ್ ಬಿಡಿಸಿ ಹೇಳಿ ಆಪರೇಷನ್ನಿಗೆ ದಿನವನ್ನೂ ಕೊಟ್ಟಿದ್ದರು. ಹೆದರಿಕೊಂಡಿದ್ದಾರೆ, ಒಂದಿಷ್ಟು ಧೈರ್ಯ ಬರಲಿ ಎಂದು ಟೀಚರ್ ನನ್ನ ಹತ್ತಿರ ಕರೆತಂದಿದ್ದರು. ಈಗ ಅವರು ಆಪರೇಷನ್ ಬೇಡ ಎಂದು ಕೂತಿದ್ದಾರೆ.

‘ಗೂಡು ತೂತಾಗೋಯ್ತು ಕಣೇ, ಕಾರ್ಡೇ ತೋರಿಸ್ತು, ಇನ್ನು ಕುಯ್ಸಿ ಏನ್ ಬಂತು ಅಂತಾರೆ ಮೇಡಂ. ಮುಂದಿನ ವಾರ ಅಡ್ಮಿಟ್ ಆಗ್ಬೇಕು. ನಮ್ಮ ಭಾವ ಊಟ ಬಿಟ್ಟು ಕೂತಿದಾರೆ.’

ಅವರು ಅಂದು ನೂಲಿನ ಮಾತು ಎತ್ತಿದ್ದು ಯಾಕೆಂದು ಆಗ ಹೊಳೆಯಿತು. ಬೇರೆ ಊರಿನವರಿಗೆ ಇದು ಅರ್ಥವಾಗುವುದು ಕಷ್ಟ. ಶಿಡ್ಲಘಟ್ಟದ ಸೀಮೆಯಲ್ಲಿ ಗೂಡೆಂದರೆ ಬೆಳೆ. ಹುಳ ತನ್ನ ಸುತ್ತ ಒಂದೇ ಎಳೆಯನ್ನು ಸುತ್ತಿಕೊಂಡು ಒಳಗೆ ಮಲಗುತ್ತದೆ. ಒಳಗಿನದು ಚಿಟ್ಟೆಯಾಗಿ ಹೊರಬರುವ ಮೊದಲೇ ಗೂಡು ಮಾರ್ಕೆಟ್ಟಿಗೆ ಹೋಗಿ, ಬೆಂದು, ನೂಲಾಗಬೇಕು. ಚಿಟ್ಟೆ ಹೊರಬಂದರೆ ಎಳೆ ತುಂಡು ತುಂಡು. ಹರಾಜಿನಲ್ಲಿ ಆ ಗೂಡಿನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಬೆಂಗಳೂರಿನವರಿಗೆ ಬಿಡುಗಡೆಯಾಗಿ ಕಾಣುವ ಚಿತ್ರ ಮೇಲೂರಿನ ಹೆಂಗಸಿಗೆ ಕೈತಪ್ಪಿದ ಬೆಳೆಯಾಗಿ ಕಂಡಿತ್ತು. ನಾನೂ ಸಾದಲಿಯಲ್ಲಿ ಹುಳದ ಮನೆಯಲ್ಲೇ ಬೆಳೆದವಳು. ಆ ಕಾರ್ಡನ್ನು ಅಷ್ಟು ವರ್ಷ ಕೈಯಲ್ಲಿ ಹಿಡಿದಿದ್ದರೂ ಒಮ್ಮೆಯೂ ಸಾದಲಿಯ ಕಣ್ಣಿನಿಂದ ನೋಡಿರಲಿಲ್ಲ.

ಮೇಲೂರಿನಾಕೆಗೇ ಫೋನ್ ಮಾಡಿದೆ. ಕಾಯಿಲೆಗೆಲ್ಲ ಕಾರ್ಡಿನ ಮಾತು ಕೇಳಬಾರದು, ಗೋಡೆ ಮೇಲೆ ಬರೆದಿದ್ದೆನಲ್ಲ ಎಂದೆ.

‘ನಾನೆಲ್ಲಿ ಕೇಳ್ದೆ ಮೇಡಂ? ಓದ್ಕೊಂಡೇ ಕೂತಿದ್ದು. ನಾನು ಕೇಳ್ಲಿಲ್ಲ, ಅದೇ ಹೇಳ್ತು’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ‘ನೀವು ಸರಿಯಾಗೇ ಹೇಳಿದೀರಾ. ಮನಸ್ಸಿಗೆ ಹಚ್ಕೋಬೇಡಿ.’

ಸಮಾಧಾನ ನನಗೇ ಹೇಳಿ ಫೋನ್ ಇಟ್ಟುಬಿಟ್ಟರು.

ಮಾರನೆಯ ದಿನ ಕೋಣೆಗೆ ಬೀಗ ಹಾಕಿ ಗೌರಿಬಿದನೂರಿನ ಬಸ್ಸು ಹತ್ತಿದೆ. ಗುರುಗಳು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಅವರು ಚಿತ್ರ ಬರೆಯುವುದನ್ನು ಬಿಟ್ಟಿದ್ದರು. ಕಾರ್ಡನ್ನು ಅವರ ಮಡಿಲಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

‘ತೂತಾದ್ರೆ ನೂಲು ಬರಲ್ಲ ಅಂದಳಾ?’ ಎಂದು ಕೇಳಿ ಕಾರ್ಡನ್ನು ಕಣ್ಣ ಹತ್ತಿರ ಹಿಡಿದರು. ‘ನಾನು ಆ ಗೂಡನ್ನ ಒಂದು ಫಾರಿನ್ ಪುಸ್ತಕ ನೋಡ್ಕೊಂಡು ಬರೆದೆ ಕಣೇ. ರೇಷ್ಮೆ ಸೀರೆ ಉಟ್ಟಿದೀನಿ, ಹುಳ ಹೆಂಗಿರುತ್ತೆ ಅಂತ ಇವತ್ತಿಗೂ ನೋಡಿಲ್ಲ.’

‘ಈಗ ಏನ್ ಮಾಡ್ಲಿ ಟೀಚರ್?’

‘ಇನ್ನೊಂದು ಕಾರ್ಡು ತೆಗೆಸು. ಸೂರ್ಯನೋ ನಕ್ಷತ್ರನೋ ಬಂದ್ರೆ ಮನಸ್ಸು ತಿರುಗುತ್ತೆ. ಬರ್ದೇ ಇದ್ರೆ ಬರೋ ಹಾಗೆ ಜೋಡಿಸಿಡು. ಜೀವಕ್ಕಿಂತ ಹೆಚ್ಚಾ ಕಟ್ಟಳೆ?’

ಅವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಆದರೆ ಅದು ಆಗುವ ಕೆಲಸವಲ್ಲ ಎಂದೂ ಗೊತ್ತಾಯಿತು. ಎಣಿಸಿ ಎಣಿಸಿ ಗೂಡು ಬಿಡಿಸುವ ಹೆಂಗಸು, ಕೈಯಲ್ಲಿ ಹಿಡಿದ ಹುಳಕ್ಕೆ ರೋಗ ಬಂದಿದೆಯೋ ಇಲ್ಲವೋ ಎಂದು ಬಣ್ಣದಲ್ಲೇ ಹೇಳುವವಳು, ನನ್ನ ಕೈಚಳಕವನ್ನು ಕಂಡುಹಿಡಿಯದೆ ಇರುತ್ತಾಳೆಯೇ. ಸುಳ್ಳು ಸಮಾಧಾನ ಎಂದು ಗೊತ್ತಾದರೆ ಹಳೆಯ ಕಾರ್ಡೇ ನಿಜವೆಂದು ಇನ್ನೂ ಗಟ್ಟಿಯಾಗುತ್ತದೆ. ಹಾಗೆಂದೆ.

‘ಹಂಗಾದ್ರೆ ಆ ಕಾರ್ಡೇ ಬೇರೆ ಏನಾದ್ರೂ ಹೇಳುತ್ತಾ ನೋಡು’ ಅಂದರು ಗುರುಗಳು. ‘ಬರೆದಾಗ ನನಗೆ ಗೊತ್ತಿದ್ದದ್ದು ಇಷ್ಟೇ. ಬರೆದ ಕೈಗಿಂತ ಚಿತ್ರದಲ್ಲಿ ಜಾಸ್ತಿ ಇದ್ರೂ ಇರಬಹುದು.’

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಾರ್ಡನ್ನು ಕೈಯಲ್ಲೇ ಹಿಡಿದಿದ್ದೆ. ಮಂಚೇನಹಳ್ಳಿ ದಾಟಿದ ಮೇಲೆ ಒಂದು ಟಿವಿಎಸ್ ಮೊಪೆಡ್ಡಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ಒಬ್ಬರು ಬಸ್ಸಿಗೆ ಅಡ್ಡ ಬಂದರು. ಡ್ರೈವರ್ ಬ್ರೇಕ್ ಹಾಕಿದರು. ಸೊಪ್ಪಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಎಷ್ಟು ವರ್ಷವಾಗಿತ್ತು ಆ ಹಸಿ ವಾಸನೆ ಮೂಗಿಗೆ ಬಡಿದು. ಕೈಯಲ್ಲಿದ್ದ ಕಾರ್ಡು ನೋಡಿದೆ. ಹಸಿರು ನೆಲ, ಬೂದು ಬಿಳಿ ಮೈ, ಎತ್ತಿದ ತಲೆ.

ಸಾದಲಿಯಲ್ಲಿ ನಮ್ಮ ಅಜ್ಜಿಯ ಮನೆಯ ನಡುಕೋಣೆಯೇ ಹುಳದ ಮನೆ. ಬಿದಿರು ತಟ್ಟೆಗಳನ್ನು ಒಂದರ ಮೇಲೊಂದು ಸೂರಿನವರೆಗೂ ಜೋಡಿಸಿರುತ್ತಿದ್ದರು. ಸುಣ್ಣದ ನೀರಲ್ಲಿ ಕಾಲು ತೊಳೆಯದೆ ಒಳಗೆ ಹೋಗುವಂತಿರಲಿಲ್ಲ. ಸ್ನೋ ಪೌಡರ್ ಹಾಕಿಕೊಂಡ ದಿನ, ಆ ವಾಸನೆ ಹುಳಕ್ಕೆ ಆಗದೆಂದು, ಅಮ್ಮನನ್ನೇ ಬಾಗಿಲಲ್ಲಿ ತಡೆಯುತ್ತಿದ್ದರು ಅಜ್ಜಿ. ನಮಗೆ ಜಾಗವಿಲ್ಲದೆ ನಾವೆಲ್ಲ ಪಡಸಾಲೆಯಲ್ಲಿ ಮಲಗುತ್ತಿದ್ದೆವು, ಹುಳಗಳು ಒಳಗೆ ಬೆಚ್ಚಗೆ. ಆ ಮನೆಯಲ್ಲಿ ಮೊದಲ ಮರ್ಯಾದೆ ಅವಕ್ಕೇ.

ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಮೈ ಬೆಳೆಯುತ್ತದೆ, ಚರ್ಮ ಬೆಳೆಯುವುದಿಲ್ಲ, ಅದಕ್ಕೆ. ಪೊರೆ ಬಿಡುವ ಆ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿತೆಂದರೆ ತಿನ್ನುವುದು ನಿಲ್ಲಿಸಿ, ಮುಂದಿನ ಅರ್ಧ ಮೈಯನ್ನು ಮೇಲೆತ್ತಿ, ತಲೆ ಆಕಾಶಕ್ಕೆ ಮಾಡಿ ಅಲ್ಲಾಡದೆ ಕೂತುಬಿಡುತ್ತದೆ. ಇಡೀ ತಟ್ಟೆಯ ತುಂಬ ಹಾಗೆಯೇ. ಅಜ್ಜಿ ಸೊಪ್ಪು ಹಾಕುವುದನ್ನು ನಿಲ್ಲಿಸಿ, ತೆಳುವಾಗಿ ಸುಣ್ಣದ ಪುಡಿ ಉದುರಿಸಿ, ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಿದ್ದರು. ಅವರ ಮಾತೆಲ್ಲ ಅರ್ಧ ತೆಲುಗು. ‘ಸದ್ದು ಚೆಯ್ಯೊದ್ದು’ ಎಂದು ಬೆರಳನ್ನು ತುಟಿಯ ಮೇಲಿಡುತ್ತಿದ್ದರು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ರೇಡಿಯೋ ಹಾಕುತ್ತಿರಲಿಲ್ಲ.

ಒಮ್ಮೆ ನಾನು ಕದ್ದು ನೋಡಿ, ಎಲ್ಲಾ ಸತ್ತುಹೋಗಿವೆ ಎಂದು ಅಳುತ್ತಾ ಓಡಿದ್ದೆ. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಹುಳಗಳು ಎದ್ದ ಮೇಲೆ ನನ್ನನ್ನು ಎತ್ತಿಕೊಂಡು ಹೋಗಿ ತಟ್ಟೆಯ ಮುಂದೆ ನಿಲ್ಲಿಸಿದರು. ತಟ್ಟೆಯ ಸೊಪ್ಪಿನ ಹಾಸಿನಲ್ಲಿ ಮುದುರಿಬಿದ್ದ ಕಂದು ಪೊರೆಯೊಂದನ್ನು ಚಿವುಟಿ ಎತ್ತಿ ನನ್ನ ಅಂಗೈ ಮೇಲಿಟ್ಟರು. ‘ಇದಿ ಕಾದಮ್ಮಾ’ ಅಂದರು, ಇದಲ್ಲ. ಉಫ್ ಎಂದು ಊದಿಬಿಟ್ಟರು. ಆಮೇಲೆ ಎಳೆ ಸೊಪ್ಪಿನ ಅಂಚು ಹಿಡಿದು ತಿನ್ನುತ್ತಿದ್ದ ಹುಳವನ್ನು ತೋರಿಸಿದರು. ‘ಅದಿ.’

ಬಸ್ಸಿನಲ್ಲಿ ಕೂತು ನಾನು ಅತ್ತೆ. ಪಕ್ಕದಲ್ಲಿದ್ದ ಹುಡುಗಿ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು. ಅಜ್ಜಿ ಹೋಗಿ ಎಷ್ಟೋ ಕಾಲವಾಗಿತ್ತು, ಆ ನಡುಕೋಣೆಯೂ ಈಗಿಲ್ಲ. ಅವರ ಅಂಗೈಯ ಒರಟು ನನ್ನ ಕೈಗೆ ತಾಗಿದ ಹಾಗಾಯಿತು. ಚಿಕ್ಕಬಳ್ಳಾಪುರ ತಲುಪುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಹೊಸ ಕಾರ್ಡು ತೆಗೆಸುವುದಿಲ್ಲ. ಇದೇ ಕಾರ್ಡನ್ನು ಎರಡನೇ ಸಲ ಓದುತ್ತೇನೆ, ಅದೂ ಅವರ ಮನೆಗೇ ಹೋಗಿ. ಎರಡು ಕಟ್ಟಳೆ ಒಟ್ಟಿಗೆ ಮುರಿಯುವುದಾದರೆ ಮುರಿಯಲಿ.

ಶಿಡ್ಲಘಟ್ಟದಲ್ಲಿ ಟೀಚರ್ ಜೊತೆಯಾದರು. ಆಟೋದಲ್ಲಿ ಮೇಲೂರಿಗೆ ಹೋದೆವು. ಮನೆಯ ಹಿಂದೆ ಉದ್ದನೆಯ ಹುಳದ ಮನೆ, ಈಗಿನ ಪದ್ಧತಿಯಂತೆ ತಟ್ಟೆಗಳ ಬದಲು ಕಬ್ಬಿಣದ ಅಟ್ಟಣೆ. ಬಾಗಿಲು ಮುಚ್ಚಿತ್ತು. ಮೇಲೂರಿನಾಕೆ ಹೊರಗಿನ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು, ಆಶ್ಚರ್ಯವನ್ನು ತೋರಿಸಿಕೊಳ್ಳಲಿಲ್ಲ.

‘ಬನ್ನಿ ಮೇಡಂ. ಒಳಗೆ ಕರ್ಕೊಂಡು ಹೋಗಕ್ಕಾಗಲ್ಲ. ಮೂರನೇ ಜ್ವರಕ್ಕೆ ಕೂತಿವೆ.’

‘ಗೊತ್ತು ಬಿಡಿ, ಇಲ್ಲೇ ಕೂರಣ’ ಅಂದೆ. ‘ಸುಣ್ಣ ಹಾಕಿದ್ರಾ?’

ಅವರು ನನ್ನ ಮುಖ ನೋಡಿದರು. ‘ನಿಮಗೆ ಹೆಂಗೆ ಗೊತ್ತು?’

‘ಸಾದಲಿಯವಳು ನಾನು. ಸೊಪ್ಪು ಹೆಚ್ಚಿ ಹೆಚ್ಚಿ ಬೆರಳು ಕುಯ್ಕೊಂಡಿದೀನಿ.’

‘ಮತ್ತೆ ಅವತ್ತು ಹೇಳ್ಲೇ ಇಲ್ಲ’ ಅಂದರು. ನಾನು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಅವರ ಪಕ್ಕ ಕೂತೆ. ಟೀಚರ್ ಒಳಗೆ ಹೋಗಿ ಕಾಫಿಗೆ ಇಟ್ಟರು.

ಚೀಲದಿಂದ ಕಾರ್ಡು ತೆಗೆದೆ. ಅವರ ಮುಖ ಬಿಗಿಯಾಯಿತು. ಹೆಬ್ಬೆರಳಿನಿಂದ ಮೇಲಿನ ಮೂಲೆಯನ್ನು, ಆ ಗೂಡು ಚಿಟ್ಟೆಗಳನ್ನು, ಮುಚ್ಚಿ ಹಿಡಿದೆ.

‘ಈಗ ನೋಡಿ. ನಾನೇನೂ ಹೇಳಲ್ಲ. ಇದೇನು ಅಂತ ನೀವು ಹೇಳಿ.’

ತುಂಬ ಹೊತ್ತು ನೋಡಿದರು. ಕಾರ್ಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ನನ್ನ ಹೆಬ್ಬೆರಳು ಜಾರದ ಹಾಗೆ ನಾನೂ ಜೊತೆಗೆ ವಾಲಿದೆ. ಆಮೇಲೆ ಅವರ ಕಣ್ಣು ಮುಚ್ಚಿದ ಬಾಗಿಲ ಕಡೆ ಹೋಯಿತು, ಮತ್ತೆ ಕಾರ್ಡಿಗೆ ಬಂತು.

‘ಸೊಪ್ಪಿನ ಮೇಲೆ ಜ್ವರಕ್ಕೆ ಕೂತಿದೆ’ ಅಂದರು ಮೆಲ್ಲಗೆ. ‘ಬಣ್ಣ ನೋಡಿ, ಅದೇ ಬಣ್ಣ.’

‘ಒಳಗೆ ಕೂತಿರೋವನ್ನ ಸತ್ತಿವೆ ಅಂತ ತಿಪ್ಪೆಗೆ ಹಾಕ್ತೀರಾ?’

‘ಯಾರಾದ್ರೂ ಹಾಕ್ತಾರಾ ಮೇಡಂ.’

‘ಪೊರೆ ಬಿಟ್ಟ ಹುಳ ಕಮ್ಮಿ ಹುಳ ಆಗುತ್ತಾ?’

‘ಎದ್ದ ಮೇಲೇ ಅಲ್ವಾ ತಿನ್ನೋದು. ಸೊಪ್ಪು ಹಾಕಿ ಹಾಕಿ ಸೊಂಟ ಹೋಗುತ್ತೆ.’ ಹೇಳುವಾಗ ಸ್ವಲ್ಪ ನಗು ಬಂತು.

ಮುಂದಿನ ಪ್ರಶ್ನೆ ಕೇಳಲು ನನಗೇ ಭಯವಾಯಿತು. ಆದರೂ ಕೇಳಿದೆ. ‘ಪೊರೆ ಬಿಡ್ದೇ ಹಂಗೇ ಅಂಟಿಸ್ಕೊಂಡು ಕೂತಿರುತ್ತಲ್ಲ, ಒಂದೊಂದು. ಅದು?’

ಸೆರಗಿನ ಒಳಗೆ ಅವರ ಕೈ ಎಡಗಡೆಗೆ ಹೋಯಿತು. ಅಲ್ಲೇ ಇಟ್ಟುಕೊಂಡರು.

‘ಅದು ಉಳಿಯಲ್ಲ’ ಅಂದರು.

ಒಳಗೆ ಲೋಟದ ಸದ್ದಾಯಿತು. ಟೀಚರ್ ಕಾಫಿ ಹಿಡಿದುಕೊಂಡು ಬಾಗಿಲವರೆಗೆ ಬಂದು ಅಲ್ಲೇ ನಿಂತರು.

‘ಇದು ಕಾರ್ಡ್ ಹೇಳಿದ್ದಲ್ಲಮ್ಮ’ ಅಂದೆ. ‘ನಿಮಗೂ ಗೊತ್ತು, ನನಗೂ ಗೊತ್ತು, ಅಷ್ಟೇ. ಕಾಯಿಲೆ ಮಾತು ಡಾಕ್ಟರದ್ದು. ಅವರು ದಿನ ಕೊಟ್ಟಿದಾರೆ. ನನ್ನ ಮಾತು ಕೇಳಿ ನೀವು ಆ ದಿನ ತಪ್ಪಿಸಿದ್ರೆ ನಾನು ಮತ್ತೆ ಈ ಕಾರ್ಡು ಮುಟ್ಟಲ್ಲ.’

‘ಹೆದರಿಕೆ ಸಾಯೋದಕ್ಕಲ್ಲ ಅಕ್ಕಾ’ ಅಂದರು. ಮೊದಲ ಸಲ ಅಕ್ಕ ಎಂದರು. ‘ಒಂದು ಕಡೆ ಚಪ್ಪಟೆ ಮಾಡ್ಕೊಂಡು ಮನೆಗೆ ಬರ್ಬೇಕು. ರವಿಕೆ ಹಾಕ್ಕೊಳ್ಳೋವಾಗ ದಿನಾ ನೋಡ್ಬೇಕು. ನಮ್ಮೆಜಮಾನ್ರು ಏನೂ ಅನ್ನಲ್ಲ, ಅದು ಬೇರೆ ಮಾತು. ಆದ್ರೆ ಅದು ನಾನೇನಾ? ತೂತಾದ ಗೂಡಲ್ವಾ?’

ನಾನು ಬುದ್ಧಿ ಹೇಳಲು ಹೋಗಲಿಲ್ಲ. ಅಜ್ಜಿಯ ಕಥೆ ಹೇಳಿದೆ. ಕದ್ದು ನೋಡಿದ್ದು, ಅಳುತ್ತಾ ಓಡಿದ್ದು, ಅಂಗೈ ಮೇಲೆ ಪೊರೆ ಇಟ್ಟಿದ್ದು. ‘ಇದಿ ಕಾದಮ್ಮಾ’ ಎಂದು ಊದಿದ್ದನ್ನು ಹೇಳುವಾಗ ನನಗರಿವಿಲ್ಲದೆ ನನ್ನ ಅಂಗೈಯನ್ನು ಊದಿದೆ. ಅವರು ನನ್ನ ಖಾಲಿ ಅಂಗೈಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿ ಹರಿಯಿತು. ಆ ದಿನ ನನ್ನ ಕೋಣೆಯಲ್ಲಿ ಬಾರದ ಅಳು ಅದು. ಟೀಚರ್ ಕಾಫಿ ಲೋಟಗಳನ್ನು ಕೆಳಗಿಟ್ಟು ಓರಗಿತ್ತಿಯ ಪಕ್ಕ ಕೂತುಕೊಂಡರು.

ಬಹಳ ಹೊತ್ತಾದ ಮೇಲೆ ಮೇಲೂರಿನಾಕೆ ಮೂಗು ಒರೆಸಿಕೊಂಡು ಬಾಗಿಲ ಕಡೆ ನೋಡಿದರು.

‘ಮುಂದಿನ ವಾರ ಅಂದ್ರೆ ನಾಲ್ಕನೇ ಜ್ವರ ಎದ್ದಿರುತ್ತೆ. ಹೊರೆಗಟ್ಲೆ ಸೊಪ್ಪು ಬೇಕು ಆಗ. ಯಾರು ಹಾಕ್ತಾರೆ?’

‘ನಾನು ರಜಾ ಹಾಕ್ತೀನಿ ಕಣಕ್ಕ’ ಅಂದರು ಟೀಚರ್.

‘ನೀನು ಹುಳ ಕಂಡ್ರೆ ಕಿರುಚ್ತೀಯ.’

‘ಕಿರುಚ್ಕೊಂಡೇ ಹಾಕ್ತೀನಿ.’

‘ಕಿರುಚಬೇಡ, ಹುಳಕ್ಕೆ ಆಗಲ್ಲ’ ಅಂದರು. ಅಷ್ಟು ಹೇಳಿದ ಮೇಲೆ ಹೋಗುತ್ತೇನೆ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಅವರ ಯಜಮಾನರು ಎಲ್ಲಿದ್ದರೋ, ಹಿತ್ತಲ ಕಡೆಯಿಂದ ಬಂದು, ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದರು.

ಆಪರೇಷನ್ ಆದ ದಿನ ನಾನು ಯಾರಿಗೂ ಕಾರ್ಡು ನೋಡಲಿಲ್ಲ. ಕೋಣೆಯಲ್ಲಿ ಕೂತು ಫೋನಿನ ಮುಖ ನೋಡುತ್ತಿದ್ದೆ. ಸಂಜೆ ಟೀಚರ್ ಫೋನ್ ಮಾಡಿದರು. ಭಾವ ಆಸ್ಪತ್ರೆಯಲ್ಲಿ, ತಾವು ಹುಳದ ಮನೆಯಲ್ಲಿ.

‘ಚೆನ್ನಾಗಿದಾರೆ ಮೇಡಂ. ಎಚ್ಚರ ಆದ ತಕ್ಷಣ ಭಾವನ್ನ ಕೇಳಿದ್ರಂತೆ, ಹುಳ ಎದ್ವಾ ಅಂತ. ಎರಡನೇ ಮಾತು ಏನ್ ಗೊತ್ತಾ? ತಿನ್ನಕ್ಕೆ ಏನಿದೆ ಅಂತ.’ ಹೇಳುತ್ತಾ ಟೀಚರ್ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಡಾಕ್ಟರ್ ಇನ್ನೂ ಊಟ ಕೊಡಬೇಡಿ ಅಂದಿದ್ದರಂತೆ.

ಆಮೇಲಿನ ಔಷಧಿಗಳು ಸುಲಭದವೇನಲ್ಲ. ಕೂದಲು ಹೋಯಿತು, ಬಾಯಿ ರುಚಿ ಹೋಯಿತು. ಮೇಲೂರಿನಾಕೆ ಆಗೀಗ ಫೋನ್ ಮಾಡುತ್ತಿದ್ದರು. ನಾವು ಕಾರ್ಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ಸಾದಲಿಯ ಬಿದಿರು ತಟ್ಟೆಗಳ ಬಗ್ಗೆ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಹುಳ ಬಿಡುವಾಗ ಮನೆಮಂದಿಯೆಲ್ಲ ಸೇರಿ ಊಟ ಮರೆಯುತ್ತಿದ್ದುದರ ಬಗ್ಗೆ ಮಾತಾಡುತ್ತಿದ್ದೆವು. ಅವರ ತವರಿನಲ್ಲೂ ಒಬ್ಬ ಅಜ್ಜಿ ಇದ್ದರು, ಅವರದೂ ಅರ್ಧ ತೆಲುಗು.

ಚಳಿ ಕಳೆದ ಮೇಲೆ ಒಂದು ದಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಲೆಗೆ ಹತ್ತಿ ಬಟ್ಟೆ ಕಟ್ಟಿಕೊಂಡು, ಸ್ವಲ್ಪ ಇಳಿದುಹೋದ ಮೈಯಲ್ಲಿ, ಒಬ್ಬರೇ ಬಂದಿದ್ದರು. ಕೆಳಗಿನ ಅಂಗಡಿಯವರು ಗಿಣಿಯ ವಿಚಾರ ಹೇಳಿದರಂತೆ, ನಗುತ್ತಿದ್ದರು.

ನಾನು ಮೇಜಿನ ಮೇಲೆ ಬಣ್ಣದ ಡಬ್ಬಿ, ಸಣ್ಣ ಬ್ರಷ್ಷು ಇಟ್ಟುಕೊಂಡು ಕೂತಿದ್ದೆ. ಮೂಲೆಯ ಗೂಡು ಚಿಟ್ಟೆಗಳನ್ನು ಅಳಿಸಿಬಿಡುವುದೆಂದು ಗುರುಗಳ ಅಪ್ಪಣೆ ಪಡೆದಿದ್ದೆ. ಮತ್ತೊಬ್ಬರ ಎದೆಗೆ ಅದು ಚುಚ್ಚುವುದು ಬೇಡ. ಬ್ರಷ್ಷನ್ನು ಹಸಿರಿಗೆ ಅದ್ದಿಯೂ ಆಗಿತ್ತು.

‘ಏನ್ ಮಾಡ್ತಿದೀರಾ ಅಕ್ಕಾ?’

ಹೇಳಿದೆ. ಅವರು ಕಾರ್ಡನ್ನು ಎತ್ತಿಕೊಂಡರು. ಈ ಸಲ ಹೆಬ್ಬೆರಳು ಅಡ್ಡವಿರಲಿಲ್ಲ. ಚಿಟ್ಟೆಯನ್ನು ನೋಡಿದರು, ತೂತಾದ ಗೂಡನ್ನು ನೋಡಿದರು.

‘ಇರ್ಲಿ ಬಿಡಿ’ ಅಂದರು. ‘ಬಿತ್ತನೆಗೆ ಅಂತ ಒಂದಾದ್ರೂ ತೂತಾಗ್ಬೇಕಲ್ಲ. ಎಲ್ಲಾನೂ ಬೇಯಿಸ್ಬಿಟ್ರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ ತರ್ತೀರಾ?’

ನಾನು ಬ್ರಷ್ಷನ್ನು ನೀರಿಗೆ ಹಾಕಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಹಸಿವಾಗುತ್ತಿದೆ ಎಂದರು. ಕೆಳಗಿನವರಿಗೆ ಕೂಗಿ ಹೇಳಿ ಎರಡು ಮಸಾಲೆ ದೋಸೆ ತರಿಸಿದೆ. ತಮ್ಮದನ್ನು ಮುಗಿಸಿದರು. ನನ್ನದರಲ್ಲಿ ಅರ್ಧ ಅವರ ಕಡೆ ಸರಿಸಿದೆ. ಬೇಡ ಅನ್ನದೆ ತಿನ್ನತೊಡಗಿದರು. ನಾನು ಅಜ್ಜಿಯ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡು, ಸದ್ದು ಮಾಡದೆ, ಅವರು ತಿನ್ನುವುದನ್ನು ನೋಡುತ್ತಾ ಕೂತೆ.